ಬೆಲ್ಲದಲ್ಲಿ ಸಕ್ಕರೆ ಇಲ್ಲವಂತೆ

ಬೆಲ್ಲದಲ್ಲಿ ಸಕ್ಕರೆ ಇಲ್ಲವಂತೆ. ಹೇಳಿದವರಿಗೆ ಶುಗರ್ ಬಂದು ಇಪ್ಪತ್ತು ವರ್ಷವಾಗಿದೆ. ಅನುಭವಸ್ಥರು. ಎದುರಾಡಬಾರದು.

ಮಂಡ್ಯದ ಒಂದೇ ಗದ್ದೆಯ ಕಬ್ಬು. ಕಾರ್ಖಾನೆಗೆ ಹೋದರೆ ಬಿಳಿ ವಿಷ, ಆಲೆಮನೆಗೆ ಹೋದರೆ ಅಜ್ಜಿಯ ಔಷಧಿ. ಕೊಪ್ಪರಿಗೆಯಲ್ಲಿ ಕುದಿಯುವಾಗ ಸುಕ್ರೋಸ್ ನಾಚಿಕೊಂಡು ಆವಿಯಾಗಿ ಹೋಗುತ್ತದೆ ಅಂದುಕೊಂಡಿದ್ದಾರೋ ಏನೋ. ಬೆಲ್ಲದಲ್ಲೂ ಬಹುಪಾಲು ಇರುವುದು ಅದೇ ಸುಕ್ರೋಸ್. ಒಂದಿಷ್ಟು ಕಬ್ಬಿಣದಂಶ ಇದೆ, ನಿಜ. ಕಬ್ಬಿಣದಂಶಕ್ಕಾಗಿ ನಾಲ್ಕು ಹೋಳಿಗೆ ತಿನ್ನುವ ಆರೋಗ್ಯಪ್ರಜ್ಞೆಗೆ ಕೈಮುಗಿಯಬೇಕು.

ಐಸಿಎಂಆರ್ ನೆರವಿನ ಅಧ್ಯಯನ 2023ರಲ್ಲಿ ಕೊಟ್ಟ ಲೆಕ್ಕದಂತೆ ದೇಶದಲ್ಲಿ ಈ ಕಾಯಿಲೆ ಇರುವವರು 10 ಕೋಟಿಗೂ ಹೆಚ್ಚು. ಹೊಸ್ತಿಲಲ್ಲಿ ನಿಂತವರು ಇನ್ನೂ 13 ಕೋಟಿ ಮೀರಿದ್ದಾರೆ. ಹೊಸ್ತಿಲಿನವರನ್ನು ಮಾತಾಡಿಸಿ ನೋಡಿ. "ನಂಗೇನಿಲ್ಲಪ್ಪ, ಬಾರ್ಡರ್ ಅಷ್ಟೆ." ಬಾರ್ಡರ್‌ನಲ್ಲಿ ನಿಂತ ಯೋಧ ಎಚ್ಚರವಾಗಿರುತ್ತಾನೆ. ನಮ್ಮವರು ಅಲ್ಲೇ ಚಾಪೆ ಹಾಸಿ ಮಲಗುತ್ತಾರೆ.

ಬೆಳಿಗ್ಗೆ ಆರಕ್ಕೆ ಬೆಂಗಳೂರಿನ ಯಾವ ಪಾರ್ಕಿಗಾದರೂ ಹೋಗಿ. ಗೇಟಿನಲ್ಲಿ ಹಾಗಲಕಾಯಿ ಜ್ಯೂಸ್. ಮುಖ ಕಿವುಚಿಕೊಂಡು ಒಂದು ಲೋಟ. ಒಳಗೆ ಎರಡು ಸುತ್ತು. ಪುಣ್ಯ ಸಂಪಾದಿಸಿದ ಧೈರ್ಯದಲ್ಲಿ ನೇರ ದರ್ಶಿನಿಗೆ. ಚೌಚೌ ಬಾತ್. "ಕಾಫಿಗೆ ಮಾತ್ರ ಸಕ್ಕರೆ ಬೇಡಪ್ಪ, ಶುಗರ್ ಇದೆ." ಕೇಸರಿಬಾತಿನ ಪಾಪಕ್ಕೆ ಕಾಫಿಯಲ್ಲಿ ಪ್ರಾಯಶ್ಚಿತ್ತ.

ಮುದ್ದೆಯ ಮಾತೆತ್ತಿದರೆ ಹಳೇ ಮೈಸೂರಿನ ಕಡೆ ನನ್ನನ್ನು ಊರೊಳಗೆ ಬಿಡಲಿಕ್ಕಿಲ್ಲ. ಇರಲಿ. ರಾಗಿಯಲ್ಲಿ ನಾರಿದೆ, ಕ್ಯಾಲ್ಸಿಯಂ ಇದೆ. ಪಿಷ್ಟವೂ ಇದೆ, ಅಕ್ಕಿಗಿಂತ ತೀರಾ ಕಡಿಮೆಯೇನಲ್ಲ. ನುಣ್ಣಗೆ ಬೀಸಿದ ಹಿಟ್ಟು ರಕ್ತದಲ್ಲಿ ಸಕ್ಕರೆಯಾಗಲು ಬಹಳ ಹೊತ್ತು ಬೇಡ. ತಾತ ಮುದ್ದೆ ನುಂಗಿ ನೇಗಿಲು ಹಿಡಿದ. ಮೊಮ್ಮಗ ಎರಡು ಮುದ್ದೆ ನುಂಗಿ ರಿಮೋಟ್ ಹಿಡಿದಿದ್ದಾನೆ. ರಾಗಿ ಏನು ಮಾಡಬೇಕು?

ಇನ್ನು ರಕ್ತಪರೀಕ್ಷೆ. ಮೂರು ದಿನ ಮೊದಲೇ ವ್ರತ ಶುರು. ಸಿಹಿ ಬಂದ್, ಅನ್ನ ಬಂದ್, ವಾಕಿಂಗ್ ಡಬಲ್. ರೀಡಿಂಗ್ ಚೆನ್ನಾಗಿ ಬಂತು. ಲ್ಯಾಬಿನಿಂದ ಸೀದಾ ಬೇಕರಿಗೆ. ಯಾರನ್ನು ಏಮಾರಿಸಿದ್ದು? ಡಾಕ್ಟರನ್ನೇ? ಅವರ ಕಿಡ್ನಿ ಚೆನ್ನಾಗಿಯೇ ಇದೆ ಸ್ವಾಮಿ.

ಎಚ್‌ಬಿಎ1ಸಿ ಎಂಬ ಇನ್ನೊಂದು ಪರೀಕ್ಷೆ ಇದೆ. ಶುದ್ಧ ಚಾಡಿಕೋರ. ಹಿಮೋಗ್ಲೋಬಿನ್‌ಗೆ ಅಂಟಿಕೊಂಡ ಸಕ್ಕರೆಯನ್ನು ಅಳೆದು ಎರಡು-ಮೂರು ತಿಂಗಳ ಸರಾಸರಿಯನ್ನು ಒದರಿಬಿಡುತ್ತದೆ. ಮದುವೆಮನೆಯ ಜಿಲೇಬಿ, ಆಫೀಸಿನ ಕೇಕು, ಮಗಳ ತಟ್ಟೆಯಿಂದ ಕದ್ದ ಮೈಸೂರ್ ಪಾಕು, ಎಲ್ಲವೂ ದಾಖಲು. ಆದ್ದರಿಂದಲೇ ಆ ಪರೀಕ್ಷೆಯನ್ನು ಡಾಕ್ಟರು ಬರೆಯುವುದು "ಸುಮ್ನೆ ದುಡ್ಡು ಕೀಳೋಕೆ".

ರೀಡಿಂಗ್ ಸರಿಬಂದರೆ ಮಾತ್ರೆ ಬಂದ್, "ವಾಸಿಯಾಯ್ತು". ಮದುವೆಗೆ ಹೋಗುವ ದಿನ ಎರಡು ಮಾತ್ರೆ, "ಅಡ್ಜಸ್ಟ್ ಆಗುತ್ತೆ". ಮೆಟ್‌ಫಾರ್ಮಿನ್ ದಶಕಗಳಿಂದ ಜಗತ್ತು ನುಂಗುತ್ತಿರುವ ಅಗ್ಗದ ಮಾತ್ರೆ. ಅದು ಕಿಡ್ನಿ ತಿನ್ನುತ್ತದಂತೆ. ಕಿಡ್ನಿ ತಿನ್ನುತ್ತಿರುವುದು ಹದ್ದುಮೀರಿದ ಸಕ್ಕರೆ ಎಂದರೆ ಅದು ಅಲೋಪಥಿಯವರ ಪಿತೂರಿ. ಇನ್ಸುಲಿನ್ ಅಂದರೆ ಕಥೆ ಮುಗಿದಂತೆ. ವಾಟ್ಸಾಪಿನಲ್ಲಿ ಬಂದ ಪುಡಿಗೆ ಮಾತ್ರ ಸಾವಿರಗಟ್ಟಲೆ ಸುರಿಯುತ್ತಾರೆ. ಡಬ್ಬಿಯ ಮೇಲೆ ಒಳಗೇನಿದೆ ಎಂದು ಬರೆದಿಲ್ಲ. ಸೈಡ್ ಎಫೆಕ್ಟ್ ಇಲ್ಲ ಎಂದು ದೊಡ್ಡದಾಗಿ ಬರೆದಿದೆ. ಎಫೆಕ್ಟೇ ಇಲ್ಲದ ಮೇಲೆ ಸೈಡ್ ಎಲ್ಲಿಂದ ಬರಬೇಕು?

ಮಧುಮೇಹ ವಾಸಿಮಾಡುತ್ತೇವೆ ಎಂದು ಔಷಧಿಯ ಜಾಹೀರಾತು ಕೊಡುವುದು 1954ರ ಕಾಯ್ದೆಯ ಪ್ರಕಾರ ಅಪರಾಧ. ಕಾಯ್ದೆಗೆ ಎಪ್ಪತ್ತು ದಾಟಿದೆ. ಅದಕ್ಕೂ ಶುಗರ್ ಇರಬೇಕು, ಕಣ್ಣು ಕಾಣಿಸುತ್ತಿಲ್ಲ.

ಮಾಡಬೇಕಾದ್ದು ಬಹಳ ಬೇಸರದ ಕೆಲಸ. ತಟ್ಟೆಯಲ್ಲಿ ಅರ್ಧ ತರಕಾರಿ. ಉಂಡ ಮೇಲೆ ಹದಿನೈದು ನಿಮಿಷ ನಡಿಗೆ. ಹೊತ್ತಿಗೆ ಸರಿಯಾಗಿ ಮಾತ್ರೆ. ವರ್ಷಕ್ಕೊಮ್ಮೆ ಕಣ್ಣು, ಕಿಡ್ನಿ, ಪಾದದ ತಪಾಸಣೆ. ಪಾದವೇ? ಶುಗರ್ ಇಳಿಯಲೆಂದು ಹರಕೆ ಹೊತ್ತು ಬರಿಗಾಲಲ್ಲಿ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತುವ ಜನ ನಾವು. ಸ್ಪರ್ಶ ಸತ್ತ ಅಂಗಾಲಿಗೆ ಗಾಜು ಚುಚ್ಚಿದ್ದು ಮನೆಗೆ ಬಂದು ರಕ್ತ ಕಂಡಾಗಲೇ ಗೊತ್ತಾಗುವುದು. ಅದನ್ನೂ ತಾಯಿಯ ಪರೀಕ್ಷೆ ಅನ್ನುತ್ತಾರೆ.

ನವೆಂಬರ್ 14 ವಿಶ್ವ ಮಧುಮೇಹ ದಿನ. ಇನ್ಸುಲಿನ್ ಕಂಡುಹಿಡಿದವರಲ್ಲಿ ಒಬ್ಬನಾದ ಫ್ರೆಡರಿಕ್ ಬ್ಯಾಂಟಿಂಗ್ ಹುಟ್ಟಿದ ದಿನ. ನಮ್ಮಲ್ಲಿ ಅವತ್ತೇ ಮಕ್ಕಳ ದಿನಾಚರಣೆ. ಶಾಲೆಯಲ್ಲಿ ಚಾಕೊಲೇಟ್ ಹಂಚುತ್ತಾರೆ. ಆ ಸಾಲಿನಲ್ಲಿ ಟೈಪ್ 1 ಇರುವ ಹುಡುಗಿಯೊಬ್ಬಳು ನಿಂತಿರುತ್ತಾಳೆ.

ಅವಳದು ತಿಂದು ಬಂದದ್ದಲ್ಲ. ಮೈಯ ರಕ್ಷಣಾ ವ್ಯವಸ್ಥೆಯೇ ತಿರುಗಿಬಿದ್ದು ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ಕೊಂದಿದೆ. ದಿನಕ್ಕೆ ಮೂರ್ನಾಲ್ಕು ಸಲ ಚುಚ್ಚಿಕೊಳ್ಳಬೇಕು. ಹನ್ನೆರಡರ ಹುಡುಗಿ ತುತ್ತಿಗೆ ತಕ್ಕಂತೆ ಯೂನಿಟ್ ಲೆಕ್ಕ ಹಾಕುತ್ತಾಳೆ. ಆಟಕ್ಕಿಳಿಯುವ ಮೊದಲು ಬೆರಳು ಚುಚ್ಚಿ ನೋಡುತ್ತಾಳೆ. 70ಕ್ಕಿಂತ ಇಳಿದರೆ ಇರಲೆಂದು ಬ್ಯಾಗಿನಲ್ಲಿ ಗ್ಲೂಕೋಸ್ ಇಟ್ಟುಕೊಂಡಿದ್ದಾಳೆ. ಶುಗರ್ ಜೊತೆ ಬದುಕುವುದು ಹೇಗೆಂದು ಆ ಪಾರ್ಕಿನ ಹಿರಿಯರೆಲ್ಲ ಅವಳ ಹತ್ತಿರ ಟ್ಯೂಷನ್‌ಗೆ ಹೋಗಬೇಕು. ಆದರೆ ಅವಳು ಸೂಜಿ ಚುಚ್ಚಿಕೊಳ್ಳುವುದು ಶಾಲೆಯ ಶೌಚಾಲಯದಲ್ಲಿ, ಚಿಲಕ ಹಾಕಿಕೊಂಡು. "ಯಾರಿಗೂ ಗೊತ್ತಾಗಬಾರ್ದು ಕಣೇ, ನಾಳೆ ಮದುವೆ ಕಷ್ಟ ಆಗುತ್ತೆ." ಅಮ್ಮನ ಅಪ್ಪಣೆ.

ಅಮ್ಮ ತಪ್ಪು ಹೇಳಿಲ್ಲ. ಹನ್ನೆರಡು ವರ್ಷ ಕಳೆಯಲಿ, ಗಂಡಿನ ಕಡೆಯವರು ನೋಡಲು ಬರುತ್ತಾರೆ. ಭಾವೀ ಮಾವನವರು "ಇವತ್ತು ಎರಡು ಮಾತ್ರೆ ತಗೊಂಡೇ ಬಂದಿದೀನಿ" ಎಂದು ನಗುತ್ತ ಕೇಸರಿಬಾತನ್ನು ಇನ್ನೊಂದು ಸಲ ಹಾಕಿಸಿಕೊಳ್ಳುತ್ತಾರೆ. ಕೈ ತೊಳೆದು ಬರುವಾಗ ವಿಷಯ ಕಿವಿಗೆ ಬೀಳುತ್ತದೆ. ಗಂಭೀರವಾಗುತ್ತಾರೆ.

"ಹುಡುಗಿ ಲಕ್ಷಣವಾಗಿದ್ದಾಳೆ. ಆದ್ರೆ ನೋಡಿ, ನಮ್ಮ ವಂಶದಲ್ಲಿ ಯಾರಿಗೂ ಕಾಯಿಲೆ ಕಸಾಲೆ ಅಂತ ಇಲ್ಲ."