ಕೋಠಿಯ ಕಾಲಯಾನ: ಒಂದು ತಜ್ಞ ಅಭಿಪ್ರಾಯ

ಕಾಲಯಾನದ ಪ್ರೇಮ ಕಾದಂಬರಿಗಳಲ್ಲಿ ವ್ಯಂಗ್ಯ ಎಂಬ ವಿಷಯದಲ್ಲಿ ನಾನು ತಜ್ಞ. ಹೈದರಾಬಾದಿನ ಕೋಠಿಯ ಫುಟ್‌ಪಾತಿನಲ್ಲಿ ಅಂಥದೊಂದು ಹಳೇ ಪುಸ್ತಕವನ್ನು ಚೌಕಾಸಿ ಮಾಡಿ ಮೂವತ್ತು ರೂಪಾಯಿಗೆ ಕೊಂಡಿದ್ದೇನೆ. ಕೊನೆಯ ನಲವತ್ತು ಪುಟ ಇರಲಿಲ್ಲ. ವಿಮರ್ಶಕನಿಗೆ ಅದೇನು ಅಡ್ಡಿಯಲ್ಲ. ಮೊದಲ ಪುಟದಲ್ಲಿ ಯಾರೋ ‘ಎಂದೆಂದಿಗೂ ನಿನ್ನವನು, 1998’ ಎಂದು ಬರೆದಿದ್ದರು. ಆ ‘ಎಂದೆಂದಿಗೂ’ ಯಾವ ವರ್ಷ ರದ್ದಿಗೆ ಬಿತ್ತೆಂಬುದು ಪ್ರತ್ಯೇಕ ಸಂಶೋಧನೆಯ ವಿಷಯ.

ಈ ಪ್ರಕಾರದ ಲಕ್ಷಣ ಸರಳ: ನಾಯಕಿ ಹಿಂದಿನ ಕಾಲಕ್ಕೆ ಬೀಳಬೇಕು. 1991ರಲ್ಲಿ ಬಂದ ಡಯಾನಾ ಗ್ಯಾಬಲ್ಡನ್ ಅವರ ‘ಔಟ್‌ಲ್ಯಾಂಡರ್’ನಲ್ಲಿ ನರ್ಸೊಬ್ಬಳು 1743ರ ಸ್ಕಾಟ್ಲೆಂಡಿಗೆ ಬೀಳುತ್ತಾಳೆ. ಗಂಡ ಇನ್ನೂ ಹುಟ್ಟೇ ಇಲ್ಲವಾದ್ದರಿಂದ ಎರಡನೇ ಮದುವೆ ಸುಸೂತ್ರ. ಇದಕ್ಕೆ ಶಾಸ್ತ್ರದಲ್ಲಿ ವ್ಯಂಗ್ಯ ಎನ್ನುತ್ತೇವೆ. ನಮ್ಮ ಮನೆಯಲ್ಲಿ ಬೇರೆ ಹೆಸರಿದೆ.

ನನ್ನ ಮೂವತ್ತು ರೂಪಾಯಿಯ ನಾಯಕಿಯೂ ಬ್ರಿಟನ್ನಿಗೇ ಹೋದಳು. ಕೋಠಿಯ ರಸ್ತೆ ದಾಟಿ ಹಳೇ ಬ್ರಿಟಿಷ್ ರೆಸಿಡೆನ್ಸಿಗೆ ಬಂದಿದ್ದರೆ ಸಾಕಿತ್ತು. ಬ್ರಿಟಿಷ್ ರೆಸಿಡೆಂಟ್ ಜೇಮ್ಸ್ ಅಕಿಲೀಸ್ ಕರ್ಕ್‌ಪ್ಯಾಟ್ರಿಕ್ ಇಲ್ಲಿನ ಖೈರುನ್ನೀಸಾಳನ್ನು ಪ್ರೀತಿಸಿ ಮದುವೆಯಾದ, ಗವರ್ನರ್ ಜನರಲ್ ವೆಲ್ಲೆಸ್ಲಿಯಿಂದ ವಿಚಾರಣೆ ಎದುರಿಸಿದ, ಕಂಬಗಳ ಭವ್ಯ ಮಹಲು ಕಟ್ಟಿಸಲು ಹೊರಟ. ಆದರೆ ಬೇಗಂ ಪರದೆಯವಳು, ಹಿಂಭಾಗದ ಜನಾನಾ, ಅಂದರೆ ಅಂತಃಪುರ, ಬಿಟ್ಟು ಮುಂಭಾಗಕ್ಕೆ ಬರುವಂತಿಲ್ಲ. ಹೆಂಡತಿ ನೋಡಲಿ ಎಂದು ಅದೇ ಮಹಲಿನ ಪುಟ್ಟ ಪ್ರತಿಕೃತಿಯನ್ನು ಅವಳ ತೋಟದಲ್ಲಿ ಕಟ್ಟಿಸಿದನಂತೆ. 1805ರಲ್ಲಿ ಇಬ್ಬರು ಮಕ್ಕಳನ್ನು ಇಂಗ್ಲೆಂಡಿಗೆ ಕಳಿಸಿ, ಅದೇ ವರ್ಷ ಕಲ್ಕತ್ತೆಯಲ್ಲಿ ತೀರಿಕೊಂಡ. ಅವಳು 1813ರಲ್ಲಿ ತೀರಿಹೋದಳು. ಜನಾನಾವನ್ನು ಮುಂದೆ ಇನ್ನೊಬ್ಬ ರೆಸಿಡೆಂಟ್ ಕೆಡವಿಸಿದ. ಆಟಿಕೆಯ ಮಹಲು ಉಳಿಯಿತು.

ತಜ್ಞನಾಗಿ ನನ್ನ ಆಕ್ಷೇಪ: ಒಂದೇ ಕಥೆಯಲ್ಲಿ ಇಷ್ಟು ವ್ಯಂಗ್ಯ ಸಲ್ಲದು. ಯಾವ ಪ್ರಕಾಶಕರೂ ಇದನ್ನು ನಂಬಲಾರರು. ಹಾಗಾಗಿ ನನ್ನ ಪರಿಷ್ಕೃತ ಕಾದಂಬರಿಯಲ್ಲಿ ಕಾಲಯಾನ ಹಿಂದಕ್ಕಲ್ಲ, ಮುಂದಕ್ಕೆ. ಕರ್ಕ್‌ಪ್ಯಾಟ್ರಿಕ್ ಕೋಠಿ ಬಸ್‌ಸ್ಟಾಪಿನಲ್ಲಿ ಇಳಿಯುತ್ತಾನೆ. ಮಹಲು 1949ರಿಂದ ಮಹಿಳಾ ಕಾಲೇಜು, ಈಗ ಮಹಿಳಾ ವಿಶ್ವವಿದ್ಯಾಲಯ.

ಗೇಟಿನಲ್ಲಿ ವಾಚ್‌ಮನ್: “ಕಾರ್ಡ್ ಹೈ ಕ್ಯಾ?”

“ಈ ಮನೆ ಕಟ್ಟಿಸಿದವನು ನಾನು.”

“ನಕ್ಕೋ ಸಾಬ್. ಲೇಡೀಸ್ ಕಾಲೇಜ್.”

ಅದೇ ಬಸ್ಸಿನಿಂದ ಇಳಿದ ಖೈರುನ್ನೀಸಾ ಹುಡುಗಿಯರ ಗುಂಪಿನಲ್ಲಿ ಮಾತಾಡುತ್ತಾ ಒಳಗೆ ಹೋದಳು, ಮಹಲಿನ ಸಿಂಹದ ಪ್ರತಿಮೆಗಳ ನಡುವೆ, ಮುಂದಿನ ಮೆಟ್ಟಿಲಿನಿಂದಲೇ.