ಪಬ್ಬಿನ ಬ್ಯಾಂಡು

ಬೆಂಗಳೂರಿನ ಪಬ್‌ಗಳಲ್ಲಿ ನುಡಿಸುವ ಬ್ಯಾಂಡಿಗೆ ಮೊದಲ ಎದುರಾಳಿ ಗೋಡೆಯ ಮೇಲಿನ ಟಿವಿ. ಆರ್‌ಸಿಬಿ ಆಡುವ ಸಂಜೆ ಗಾಯಕ ತಾರಸ್ಥಾಯಿಗೆ ಏರಿದಾಗ ಬೀಳುವ ಚಪ್ಪಾಳೆ ಸಿಕ್ಸರಿನದು. ವೇದಿಕೆಯೆಂದರೆ ಶೌಚಾಲಯದ ದಾರಿಯಲ್ಲಿ ಉಳಿದ ಮೂಲೆ. ಡ್ರಮ್ಸ್ ಕೂತ ಮೇಲೆ ಬಾಸ್ ಗಿಟಾರಿನವನು ಅರ್ಧ ಅಡುಗೆಮನೆಯಲ್ಲೇ ನಿಲ್ಲಬೇಕು. ಅಂಥ ಇಕ್ಕಟ್ಟಿನಲ್ಲಿ ಸ್ಪೀಕರಿನ ಸದ್ದು ಮೈಕಿಗೆ ನುಗ್ಗಿ, ಹಿಗ್ಗಿ ಮತ್ತೆ ಸ್ಪೀಕರಿಗೇ ಬಂದು, ಸುತ್ತಿ ಸುತ್ತಿ ಕೀರಲು ಕೂಗಾಗುತ್ತದೆ. ಇಡೀ ಪಬ್ಬು ವೇದಿಕೆಯತ್ತ ತಿರುಗುವುದು ಆಗ ಮಾತ್ರ. ಸ್ವಂತ ಹಾಡು ಶುರುವಾದರೆ ಗಿರಾಕಿ ಬಿಲ್ ಕೇಳುತ್ತಾನೆ. ಈಗಲ್ಸ್ ತಂಡದ 1976ರ ‘ಹೋಟೆಲ್ ಕ್ಯಾಲಿಫೋರ್ನಿಯಾ’ ಬಂದರೆ ಇನ್ನೊಂದು ಪಿಚರ್ ಬಿಯರ್. ಮಾಲೀಕನ ಒಲವು ಯಾವುದರತ್ತ ಎಂದು ಕೇಳಬೇಕಿಲ್ಲ. ಸಂಭಾವನೆ? ‘ಮುಂದಿನ ವಾರ’. ಕೈಸೇರಿದಾಗ, ಎಲ್ಲರೂ ಹಂಚಿಕೊಂಡ ಮೇಲೆ ಆಂಪ್ಲಿಫೈಯರ್ ಹೊತ್ತ ಆಟೋದ ಬಾಡಿಗೆ ಗಿಟ್ಟಿದರೂ ಅದು ಲಾಭದ ಗಿಗ್ಗೇ.