ಬಾಟಲಿಯೊಳಗೆ ಏನಿದೆ ಎಂದು ಬರೆಯಿರಿ: ಅಕ್ವೇರಿಯಂ ಅಂಗಡಿಯವರಿಗೊಂದು ಬಹಿರಂಗ ಪತ್ರ

ಅಕ್ವೇರಿಯಂ ಅಂಗಡಿಗಳ ಮಾಲೀಕರಿಗೆ,

ಮೀನಿನ ತೊಟ್ಟಿಯಿಂದ ಪ್ಲಾಸ್ಟಿಕ್ ಗಿಡ ತೆಗೆದು ನಿಜವಾದ ಗಿಡ ನೆಡಬೇಕೆಂಬ ಆಸೆಯಿಂದ ನಿಮ್ಮಲ್ಲಿಗೆ ವಿದ್ಯಾರ್ಥಿಗಳು ಬರುತ್ತಾರೆ, ಸಣ್ಣ ಸಂಬಳದವರು ಬರುತ್ತಾರೆ, ಮಕ್ಕಳ ಹಟಕ್ಕೆ ಮಣಿದ ಅಪ್ಪ ಅಮ್ಮಂದಿರು ಬರುತ್ತಾರೆ. ತೊಟ್ಟಿ, ಫಿಲ್ಟರ್, ಲೈಟು ಎಂದು ಜೇಬು ಬರಿದಾದ ಮೇಲೆ ಅವರು ಕೊನೆಗೆ ಕೊಳ್ಳುವುದು ಗಿಡಕ್ಕೆ ಹಾಕುವ ದ್ರವ ಗೊಬ್ಬರದ ಒಂದು ಪುಟ್ಟ ಬಾಟಲಿ. ವಾರಕ್ಕೆ ಎಷ್ಟು ಹಾಕಬೇಕೆಂದು ಅದರ ಮೇಲೆ ಇರುತ್ತದೆ. ಒಳಗೆ ಯಾವ ಪೋಷಕಾಂಶ ಎಷ್ಟಿದೆ ಎಂಬುದು ಎಷ್ಟೋ ಬಾಟಲಿಗಳ ಮೇಲೆ ಇರುವುದಿಲ್ಲ. ಈ ಪತ್ರ ಬರೆಯುತ್ತಿರುವುದು ಅದಕ್ಕಾಗಿಯೇ.

ಹೊಲಕ್ಕೆ ಹಾಕುವ ಗೊಬ್ಬರಕ್ಕೆ ನಮ್ಮಲ್ಲಿ 1985ರ ರಸಗೊಬ್ಬರ ನಿಯಂತ್ರಣ ಆದೇಶವಿದೆ. ಚೀಲದ ಮೇಲೆ ಪೋಷಕಾಂಶಗಳ ಪ್ರಮಾಣ ಮುದ್ರಿಸಲೇಬೇಕು. ಅದರಿಂದಲೇ ರೈತರು ಗೊಬ್ಬರದ ಅಂಗಡಿಗೆ ಹೋಗಿ "19 ಆಲ್ ಕೊಡಿ", "13-0-45 ಬಂದಿದೆಯಾ" ಎಂದು ಸಾರಜನಕ, ರಂಜಕ, ಪೊಟ್ಯಾಷ್‌ಗಳ ಅಂಕಿಯಲ್ಲೇ ಕೇಳುತ್ತಾರೆ. ಹೊಲದ ಗಿಡಕ್ಕೆ ಸಿಕ್ಕಿರುವ ಈ ಮರ್ಯಾದೆ ನೀರೊಳಗಿನ ಗಿಡಕ್ಕೂ ಸಿಗಲಿ ಎಂಬುದು ನನ್ನ ಕೋರಿಕೆ.

ಎರಡೂ ಕಡೆ ಗಿಡ ಉಣ್ಣುವುದು ಅದೇ ಲವಣಗಳನ್ನು. ಹನಿ ನೀರಾವರಿಗೆ ಬಳಸುವ 13-0-45 ಎಂದರೆ ಪೊಟ್ಯಾಷಿಯಂ ನೈಟ್ರೇಟ್. 0-52-34 ಎಂದರೆ ಮೋನೋ ಪೊಟ್ಯಾಷಿಯಂ ಫಾಸ್ಫೇಟ್. 0-0-50 ಎಂದರೆ ಪೊಟ್ಯಾಷಿಯಂ ಸಲ್ಫೇಟ್. ಇವುಗಳ ಜೊತೆಗೆ ಮೆಗ್ನೀಷಿಯಂಗೆ ಎಪ್ಸಮ್ ಉಪ್ಪು, ಕಬ್ಬಿಣಕ್ಕೆ ಕೀಲೇಟೆಡ್ ಐರನ್. ಕೆನಡಾದ ಪಾಲ್ ಸಿಯರ್ಸ್ ಮತ್ತು ಕೆವಿನ್ ಕಾನ್ಲಿನ್ 1990ರ ದಶಕದಲ್ಲಿ ಇಂಥ ಅಗ್ಗದ ಲವಣಗಳಿಂದಲೇ ಅಕ್ವೇರಿಯಂ ಗೊಬ್ಬರ ಮಾಡಿಕೊಳ್ಳುವ ಕ್ರಮವನ್ನು ಎಲ್ಲರ ಮುಂದಿಟ್ಟರು. ಬಡವರ ಗೊಬ್ಬರವೆಂಬ ಅರ್ಥ ಬರುವ ಹೆಸರಿನಿಂದ, ಪಿಎಂಡಿಡಿ ಎಂಬ ಅಕ್ಷರಗಳಲ್ಲಿ, ಅದು ಜಗತ್ತಿನ ಹವ್ಯಾಸಿಗಳಿಗೆಲ್ಲ ಪರಿಚಯವಾಯಿತು.

ಲೆಕ್ಕ ನೋಡಿ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯಲ್ಲಿ ಮರಳು, ಕಲ್ಲು ಕಳೆದರೆ ಸುಮಾರು 50 ಲೀಟರ್ ನೀರು ನಿಲ್ಲುತ್ತದೆ. ಅದಕ್ಕೆ ಅರ್ಧ ಗ್ರಾಂ 13-0-45 ಕರಗಿಸಿದರೆ ಲೀಟರಿಗೆ ಸುಮಾರು 6 ಮಿಲಿಗ್ರಾಂ ನೈಟ್ರೇಟ್, 4 ಮಿಲಿಗ್ರಾಂ ಪೊಟ್ಯಾಷಿಯಂ ಸಿಗುತ್ತದೆ. ಸಾಧಾರಣ ಬೆಳಕಿನ ತೊಟ್ಟಿಗೆ ವಾರಕ್ಕೆ ಇಷ್ಟು ಧಾರಾಳವಾಯಿತು. ಈ ಲೆಕ್ಕದಲ್ಲಿ ಒಂದು ಕಿಲೋ ಗೊಬ್ಬರ 2,000 ವಾರ ಬರುತ್ತದೆ. ಅಳತೆ ಗೊತ್ತಿದ್ದವನಿಗೆ ಈ ಹವ್ಯಾಸ ಎಂದೂ ಭಾರವಾಗುವುದಿಲ್ಲ.

ಅಷ್ಟೂ ಬೇಕಾಗದ ತೊಟ್ಟಿಗಳೇ ಹೆಚ್ಚು ಎಂಬುದನ್ನೂ ಗಿರಾಕಿಗೆ ಹೇಳಿ. ಗಿಡದ ಬೆಳವಣಿಗೆಗೆ ಮಿತಿ ಹಾಕುವುದು ಯಾವುದು ಅತಿ ಕಡಿಮೆಯಿದೆಯೋ ಅದು. ವಿಜ್ಞಾನಿ ಸ್ಪ್ರೆಂಗೆಲ್ ಕಂಡುಕೊಂಡು, ಇನ್ನೊಬ್ಬ ವಿಜ್ಞಾನಿ ಲೀಬಿಗ್ 19ನೇ ಶತಮಾನದಲ್ಲಿ ಜನಪ್ರಿಯಗೊಳಿಸಿದ ನಿಯಮವಿದು. ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಇಲ್ಲದ ತೊಟ್ಟಿಯಲ್ಲಿ ಮಿತಿಯಾಗುವುದು ಸಾಮಾನ್ಯವಾಗಿ ಇಂಗಾಲ ಅಥವಾ ಬೆಳಕು. ಅಲ್ಲಿ ಜಾವಾ ಫರ್ನ್, ಅನೂಬಿಯಸ್, ಕ್ರಿಪ್ಟೊಕೊರೈನ್‌ಗಳು ನಿಧಾನವಾಗಿ ಬೆಳೆಯುತ್ತವೆ, ಅವುಗಳ ಹಸಿವೂ ಕಡಿಮೆ. ಮೀನಿನ ಆಹಾರ ಮತ್ತು ಮಲದಿಂದಲೇ ಸಾರಜನಕ, ರಂಜಕ ಸಾಕಷ್ಟು ಸೇರುತ್ತವೆ. ಕೊರತೆ ಬೀಳುವುದು ಹೆಚ್ಚಾಗಿ ಪೊಟ್ಯಾಷಿಯಂ ಮತ್ತು ಕಬ್ಬಿಣ.

ಯಾವುದರ ಕೊರತೆ ಎಂಬುದನ್ನು ಎಲೆ ಹೇಳುತ್ತದೆ. ಸಾರಜನಕ, ಪೊಟ್ಯಾಷಿಯಂ, ಮೆಗ್ನೀಷಿಯಂಗಳನ್ನು ಗಿಡ ಹಳೆಯ ಎಲೆಯಿಂದ ಹೊಸ ಎಲೆಗೆ ಸಾಗಿಸಬಲ್ಲದು. ಹಾಗಾಗಿ ಇವು ಕಡಿಮೆಯಾದಾಗ ಮೊದಲು ಕೆಡುವುದು ಹಳೆಯ ಎಲೆ. ಎಲೆ ಪೂರ್ತಿ ಹಳದಿಯಾದರೆ ಸಾರಜನಕ, ಸೂಜಿಮೊನೆಯಷ್ಟು ತೂತು ಬಿದ್ದು ಅಗಲವಾಗುತ್ತ ಹೋದರೆ ಹೆಚ್ಚಾಗಿ ಪೊಟ್ಯಾಷಿಯಂ. ಕಬ್ಬಿಣ ಹಾಗೆ ಸಾಗುವುದಿಲ್ಲ. ಅದರ ಕೊರತೆಯಲ್ಲಿ ಹೊಸ ಚಿಗುರು ಬಿಳಿಚಿಕೊಂಡು ನರಗಳಷ್ಟೇ ಹಸಿರಾಗಿ ಉಳಿಯುತ್ತವೆ. ಕಬ್ಬಿಣ ಕೊಳ್ಳುವಾಗ ನೀರನ್ನೂ ನೋಡಬೇಕು. ಪಿಎಚ್ 7ರ ಹತ್ತಿರ ಬಂದಂತೆ ಇಡಿಟಿಎ ಎಂಬ ಕೀಲೇಟ್ ಕಬ್ಬಿಣವನ್ನು ಹಿಡಿದಿಡಲಾರದು, ಡಿಟಿಪಿಎ ಎಂಬ ಕೀಲೇಟ್ ಇನ್ನೂ ಸ್ವಲ್ಪ ತಾಳುತ್ತದೆ. ಬೆಂಗಳೂರಿನಲ್ಲಿ ಕಾವೇರಿ ನೀರು ತುಂಬಿಸುವ ಮನೆಗೂ ಬೋರ್‌ವೆಲ್‌ನ ಗಡಸು ನೀರು ತುಂಬಿಸುವ ಮನೆಗೂ ಒಂದೇ ಸಲಹೆ ಹೊಂದದು. "ನಿಮ್ಮದು ಯಾವ ನೀರು?" ಎಂದು ದಯವಿಟ್ಟು ಮೊದಲು ಕೇಳಿ.

ಬೇರಿನಿಂದ ಉಣ್ಣುವ ಗಿಡಗಳಿಗೆ ಮಣ್ಣಿದೆ. ಮರಳಿನ ಪದರದ ಕೆಳಗೆ ಮಣ್ಣು ಹಾಕಿ ಗಿಡ ಬೆಳೆಸುವ ಕ್ರಮವನ್ನು ಅಮೆರಿಕದ ಡಯಾನಾ ವಾಲ್‌ಸ್ಟಡ್ 1999ರ ತಮ್ಮ ಪುಸ್ತಕದಲ್ಲಿ ವಿವರವಾಗಿ ತಿಳಿಸಿದ್ದಾರೆ. ಜರ್ಮನಿಯ ಡ್ಯೂಪ್ಲಾ ಕಂಪನಿ ಅಕ್ವೇರಿಯಂ ತಳಕ್ಕೆಂದು ಮಾರಿದ ಡ್ಯೂಪ್ಲಾರಿಟ್ ಕಬ್ಬಿಣಾಂಶವಿರುವ ಲ್ಯಾಟರೈಟ್. ನಮ್ಮ ಕರಾವಳಿಯಲ್ಲಿ ಮನೆ ಕಟ್ಟುವ ಮುರಕಲ್ಲೂ ಲ್ಯಾಟರೈಟೇ.

ಇಷ್ಟು ಹೇಳಿದ ಮೇಲೆ ಅಪಾಯವನ್ನು ಹೇಳದಿದ್ದರೆ ತಪ್ಪಾಗುತ್ತದೆ. ಹೊಲದ ಗೊಬ್ಬರವೆಲ್ಲ ತೊಟ್ಟಿಗೆ ಆಗುವುದಿಲ್ಲ. ಯೂರಿಯಾ ನೀರಿನಲ್ಲಿ ಒಡೆದು ಅಮೋನಿಯಾ ಆಗುತ್ತದೆ. 18-46-0 ಡಿಎಪಿಯಲ್ಲಿರುವ ಸಾರಜನಕ ಅಮೋನಿಯಂ ರೂಪದ್ದು. 19-19-19ರ ಸಾರಜನಕದಲ್ಲೂ ಯೂರಿಯಾ ಮತ್ತು ಅಮೋನಿಯಂ ಸೇರಿರುತ್ತವೆ. ನೀರಿನ ಪಿಎಚ್ ಏರಿದಷ್ಟೂ ಅಮೋನಿಯಂ ವಿಷಕಾರಿ ಅಮೋನಿಯಾ ಆಗುವ ಪ್ರಮಾಣ ಹೆಚ್ಚುತ್ತದೆ, ಮೀನಿನ ಕಿವಿರು ಸುಡುತ್ತದೆ. ಸೂಕ್ಷ್ಮ ಪೋಷಕಾಂಶಗಳ ಮಿಶ್ರಣದಲ್ಲಿ ತಾಮ್ರ ಅತಿಯಾದರೆ ಸೀಗಡಿ ಉಳಿಯುವುದಿಲ್ಲ. ಪೊಟ್ಯಾಷಿಯಂ ನೈಟ್ರೇಟನ್ನು ಬೆಂಕಿಯಿಂದಲೂ ಮಕ್ಕಳಿಂದಲೂ ದೂರ ಇಡಬೇಕು. ಇದನ್ನೆಲ್ಲ ತಿಳಿದು ಹೇಳುವವರು ಎದುರಿಗಿದ್ದರೆ ಗಿರಾಕಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ. ಹೇಳುವವರಿಲ್ಲದಿದ್ದರೆ ಅಗ್ಗಕ್ಕೆ ಸಿಕ್ಕಿತೆಂದು ಡಿಎಪಿ ಸುರಿದು ಅವನು ಮೀನನ್ನು ಕೊಲ್ಲುತ್ತಾನೆ. ಆ ಜೀವದ ಹೊಣೆ ನಮ್ಮೆಲ್ಲರದು.

ಆದ್ದರಿಂದ ನನ್ನ ಕೋರಿಕೆ ಮೂರು. ನೀವೇ ಬೆರೆಸಿ ಮಾರುವ ಗೊಬ್ಬರವಾದರೆ ಅದರಲ್ಲಿ ಸಾರಜನಕ, ರಂಜಕ, ಪೊಟ್ಯಾಷಿಯಂ, ಕಬ್ಬಿಣ ಎಷ್ಟೆಷ್ಟಿದೆ, ಕಬ್ಬಿಣದ ಕೀಲೇಟ್ ಯಾವುದು, ತಾಮ್ರ ಇದೆಯೇ ಎಂದು ಬಾಟಲಿಯ ಮೇಲೆ ಕನ್ನಡದಲ್ಲಿ ಬರೆಯಿರಿ. ಹೊರಗಿನಿಂದ ತರಿಸುವ ಮಾಲಾದರೆ, ಈ ವಿವರ ಬರೆಯದ ಕಂಪನಿಯಿಂದ ಅದನ್ನು ಕೇಳಿ ಪಡೆಯಿರಿ. ಪೊಟ್ಯಾಷಿಯಂ ನೈಟ್ರೇಟ್, ಪೊಟ್ಯಾಷಿಯಂ ಸಲ್ಫೇಟ್, ಕೀಲೇಟೆಡ್ ಐರನ್‌ಗಳನ್ನು 50 ಗ್ರಾಂ, 100 ಗ್ರಾಂ ಪೊಟ್ಟಣಗಳಲ್ಲಿ, ಅಳತೆಯ ಚೀಟಿಯ ಜೊತೆಗೆ, ನಿಮ್ಮ ನ್ಯಾಯವಾದ ಲಾಭ ಇಟ್ಟುಕೊಂಡೇ ಮಾರಿ. ಎರಡಡಿ ತೊಟ್ಟಿಯವನಿಗೆ ಕಿಲೋಗಟ್ಟಲೆ ಬೇಡ, ಗೊಬ್ಬರದ ಅಂಗಡಿಯವರು ಗ್ರಾಂ ಲೆಕ್ಕದಲ್ಲಿ ತೂಗಿ ಕೊಡುವುದಿಲ್ಲ. ಆ ಕೆಲಸ ನಿಮ್ಮಿಂದ ಮಾತ್ರ ಆದೀತು.

ಗಿಡ ಕೊಳೆತು ಬೇಸತ್ತವನು ತೊಟ್ಟಿಯನ್ನು ಅಟ್ಟಕ್ಕೆ ಹಾಕುತ್ತಾನೆ, ಮತ್ತೆ ನಿಮ್ಮ ಅಂಗಡಿಯ ಕಡೆ ಬರುವುದಿಲ್ಲ. ಗಿಡ ಚಿಗುರಿಸಿಕೊಂಡವನು ಹೊಸ ಗಿಡ ಕೇಳಿಕೊಂಡು ಬರುತ್ತಾನೆ, ಸ್ನೇಹಿತರನ್ನೂ ಕರೆತರುತ್ತಾನೆ. ಮುಂದಿನ ಸಲ ಗೊಬ್ಬರ ಕೊಡುವಾಗ ಅದರೊಳಗೆ ಏನಿದೆ ಎಂದು ಹೇಳಿ ಕೊಡಿ.

ಇಂತಿ,
ಗಿಡದ ತೊಟ್ಟಿ ಇಟ್ಟುಕೊಂಡಿರುವ ನಿಮ್ಮ ಗಿರಾಕಿ